ಮುಳುಗಡೆಗೆ ಮುಂಚಿನ ಊರು, ಮೂರು ತುಂಡಾದ ರೀಲು

ಪ್ರಶ್ನೆ: ನಮ್ಮ ದೊಡ್ಡಪ್ಪ ಅಮೆರಿಕದಲ್ಲಿ ಓದು ಮುಗಿಸಿ 1962ರಲ್ಲಿ ವಾಪಸ್ ಬರುವಾಗ ಒಂದು ಸಿನಿಮಾ ಕ್ಯಾಮೆರಾ ತಂದಿದ್ದರು. ಸಾಗರ ತಾಲೂಕಿನ ನಮ್ಮ ಹಳೆಯ ಊರು ಲಿಂಗನಮಕ್ಕಿ ಮುಳುಗಡೆಗೆ ಹೋಗುವ ಮುಂಚೆ ಅದನ್ನೆಲ್ಲ ಚಿತ್ರ ತೆಗೆದಿದ್ದರಂತೆ. ದೊಡ್ಡಪ್ಪ ಈಗಿಲ್ಲ, ದೊಡ್ಡಮ್ಮ ಇದ್ದಾರೆ. ಅಟ್ಟದ ಟ್ರಂಕಿನಲ್ಲಿ ಆರು ಪುಟ್ಟ ರೀಲುಗಳು, ಅವರು ಎಷ್ಟೋ ವರ್ಷ ಆದಮೇಲೆ ಕೊಂಡ ಪ್ರೊಜೆಕ್ಟರು ಸಿಕ್ಕಿವೆ. ಒಂದನ್ನು ಹಾಕಿ ನೋಡಿದೆವು. ಚಿತ್ರ ಮೊದಲಿನಿಂದಲೂ ಕುಣಿಯುತ್ತಿತ್ತು, ಅರ್ಧ ನಿಮಿಷಕ್ಕೆ ಕಟ್ಟಾಯಿತು. ಸೆಲೋಟೇಪ್ ಹಚ್ಚಿ ಮತ್ತೆ ಓಡಿಸಿದರೆ ಸುಮಾರು ಎರಡು ನಿಮಿಷದ ಹೊತ್ತಿಗೆ ಗೋಡೆಯೆಲ್ಲ ಕಿತ್ತಳೆ ಬಣ್ಣವಾಗಿ, ಬೆಳ್ಳಗಾಗಿ, ಇನ್ನೊಂದು ಕಡೆ ಬಿಟ್ಟುಕೊಂಡಿತು. ಅಂಚಿನ ತೂತುಗಳೂ ಅಲ್ಲಲ್ಲಿ ಹರಿದಿವೆ. ಪ್ರೊಜೆಕ್ಟರಿನಲ್ಲಿ ‘ಆರ್’ ಮತ್ತು ‘ಎಸ್’ ಎಂದು ಬರೆದ ಗುಂಡಿಯೊಂದಿದೆ. ‘ಎಸ್’ ಕಡೆಗಿತ್ತು, ಹಾಗೇ ಬಿಟ್ಟಿದ್ದೆವು. ಇನ್ನೊಂದು ರೀಲಿನ ಡಬ್ಬಿ ತೆಗೆದರೆ ವಿನೆಗರ್ ವಾಸನೆ. ತುಂಡುಗಳಿಗೆ ಫೆವಿಕ್ವಿಕ್ ಹಾಕಿದರೆ ನಿಲ್ಲುತ್ತದೆಯೇ?

ಉತ್ತರ: ಮೊದಲು ಪ್ರೊಜೆಕ್ಟರಿನ ಪ್ಲಗ್ ಕಿತ್ತಿಡಿ. ಫೆವಿಕ್ವಿಕ್ಕೂ ಡ್ರಾಯರಿಗೆ ವಾಪಸ್ ಹೋಗಲಿ. ಅದು ಒಣಗಿದ ಮೇಲೆ ಗಾಜಿನ ಹಾಗೆ ಗಡುಸಾಗುತ್ತದೆ, ಫಿಲ್ಮು ಬಳುಕಬೇಕಾದ ಜಾಗದಲ್ಲಿ ಬಳುಕುವುದಿಲ್ಲ. ಮೊದಲ ತಿರುವಿಗೇ ಜಾಯಿಂಟಿನ ಪಕ್ಕದಲ್ಲಿ ಹೊಸದಾಗಿ ಮುರಿಯುತ್ತದೆ. ಸಾಲದ್ದಕ್ಕೆ ಅದರ ಆವಿ ಸುತ್ತಲಿನ ಚಿತ್ರದ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ.

ನಿಮ್ಮ ರೀಲನ್ನು ನಾನು ಕಣ್ಣಾರೆ ನೋಡಿಲ್ಲ. ಆದರೂ ಏನಾಗಿದೆ ಎಂಬುದು ನಿಮ್ಮ ಪತ್ರದಲ್ಲೇ ಇದೆ. ಮನೆಯಲ್ಲಿ ತೆಗೆಯುವ 8 ಮಿಲಿಮೀಟರ್ ಫಿಲ್ಮಿನಲ್ಲಿ ಎರಡು ಜಾತಿ. ಕೊಡಾಕ್ ಕಂಪನಿ 1932ರಲ್ಲಿ ತಂದದ್ದು ಹಳೆಯದು, ಈಗ ಅದನ್ನು ರೆಗ್ಯುಲರ್ 8 ಅನ್ನುತ್ತೇವೆ. 1965ರಲ್ಲಿ ಬಂದದ್ದು ಸೂಪರ್ 8. ಎರಡರ ಅಗಲವೂ 8 ಮಿಲಿಮೀಟರೇ, ಹಾಗಾಗಿ ನೋಡಿದವರು ಮೋಸ ಹೋಗುತ್ತಾರೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಮುಳುಗುವ ಮುಂಚಿನ ಊರು ಆ ರೀಲಿನಲ್ಲಿದ್ದರೆ ಅದು ಸೂಪರ್ 8 ಆಗಿರಲು ಸಾಧ್ಯವೇ ಇಲ್ಲ, ಆಗ ಸೂಪರ್ 8 ಹುಟ್ಟಿರಲಿಲ್ಲ. ನಿಮ್ಮ ಪ್ರೊಜೆಕ್ಟರು ಎರಡನ್ನೂ ಓಡಿಸುವಂಥದ್ದು. ‘ಆರ್’ ಅಂದರೆ ರೆಗ್ಯುಲರ್, ‘ಎಸ್’ ಅಂದರೆ ಸೂಪರ್. ನೀವು ಹಳೆಯ ಫಿಲ್ಮನ್ನು ಹೊಸ ಫಿಲ್ಮಿನ ಹೆಜ್ಜೆಗೆ ಕುಣಿಸಿದ್ದೀರಿ.

ರೆಗ್ಯುಲರ್ 8ರಲ್ಲಿ ಒಂದು ತೂತಿನಿಂದ ಇನ್ನೊಂದಕ್ಕೆ 3.81 ಮಿಲಿಮೀಟರ್, ಸೂಪರ್ 8ರಲ್ಲಿ 4.23. ಪ್ರೊಜೆಕ್ಟರಿನ ಒಳಗೆ ಒಂದು ಸಣ್ಣ ಕೊಕ್ಕೆ ಸೆಕೆಂಡಿಗೆ 16 ಅಥವಾ 18 ಸಲ ತೂತಿಗೆ ಇಳಿದು ಫಿಲ್ಮನ್ನು ಒಂದೊಂದೇ ಚೌಕ, ಅಂದರೆ ಒಂದೊಂದೇ ಚಿತ್ರ, ಕೆಳಗೆಳೆಯುತ್ತದೆ. ಅಳತೆ ತಪ್ಪಿದರೆ ನಾಲ್ಕಾರು ಚೌಕಕ್ಕೊಮ್ಮೆ ಅದು ತೂತಿಗೆ ಬೀಳದೆ ಫಿಲ್ಮಿನ ಮೈಗೇ ಚುಚ್ಚುತ್ತದೆ. ಚಿತ್ರ ಕುಣಿದದ್ದು, ಅಂಚು ಹರಿದದ್ದು, ಅರ್ಧ ನಿಮಿಷಕ್ಕೆ ಕಟ್ಟಾದದ್ದು ಎಲ್ಲವೂ ಇದೇ ಲೆಕ್ಕ.

ಎರಡು ನಿಮಿಷದ ಹೊತ್ತಿಗೆ ಬಿಟ್ಟುಕೊಂಡದ್ದರ ಕಥೆಯೇ ಬೇರೆ. ಅದು ನಿಮ್ಮ ತಪ್ಪಲ್ಲ. ರೆಗ್ಯುಲರ್ 8 ಕ್ಯಾಮೆರಾಕ್ಕೆ ಹಾಕುತ್ತಿದ್ದದ್ದು 16 ಮಿಲಿಮೀಟರ್ ಅಗಲದ, 25 ಅಡಿ ಉದ್ದದ ಫಿಲ್ಮು. ಮೊದಲ ಸಲ ಅದರ ಒಂದು ಪಕ್ಕದಲ್ಲಿ ಮಾತ್ರ ಚಿತ್ರ ಮೂಡುತ್ತಿತ್ತು. ಮುಗಿದ ಮೇಲೆ ನೆರಳಿನಲ್ಲಿ ಕೂತು ಕ್ಯಾಮೆರಾ ತೆಗೆದು, ಸುರುಳಿ ತಿರುವಿ ಹಾಕಿ, ಇನ್ನೊಂದು ಪಕ್ಕ ತೆಗೆಯಬೇಕು. ಲ್ಯಾಬಿನವರು ತೊಳೆದ ಮೇಲೆ ನಡುವೆ ಉದ್ದಕ್ಕೆ ಸೀಳಿ, ಎರಡು ಪಟ್ಟಿಯನ್ನು ತಲೆಗೆ ಬಾಲ ಸೇರಿಸಿ ಅಂಟಿಸಿ, 50 ಅಡಿಯ ಒಂದು ರೀಲು ಮಾಡಿ ಕೊಡುತ್ತಿದ್ದರು. 25 ಅಡಿಯಲ್ಲಿ 2000 ಚೌಕ. ಸೆಕೆಂಡಿಗೆ 16ರಂತೆ ಓಡಿದರೆ ಎರಡು ನಿಮಿಷ ಐದು ಸೆಕೆಂಡು. ಸುರುಳಿ ತಿರುವುವಾಗ ತುದಿಗೆ ಬಿಸಿಲು ತಾಗಿದ್ದರಿಂದ ಅಲ್ಲಿ ಚಿತ್ರ ಕಿತ್ತಳೆಯಾಗಿ ಬೆಳ್ಳಗಾಗುತ್ತದೆ. ನಿಮ್ಮ ದೊಡ್ಡಪ್ಪ ಯಾವುದೋ ಮರದ ಬುಡದಲ್ಲಿ ಕೂತು ರೀಲು ತಿರುವಿ ಹಾಕಿದ ಗುರುತು ಅದು. ಬಿಟ್ಟುಕೊಂಡದ್ದು ಲ್ಯಾಬಿನವರ ಹಳೆಯ ಜಾಯಿಂಟು. ಅರವತ್ತು ವರ್ಷಕ್ಕೆ ಆ ಅಂಟು ಒಣಗಿ ಬಿಡುವುದು ಮಾಮೂಲು. ಉಳಿದ ಐದು ರೀಲುಗಳೂ ರೆಗ್ಯುಲರ್ 8 ಆಗಿದ್ದರೆ ಅವುಗಳ ನಡುಮಧ್ಯದಲ್ಲೂ ಅಂಥದೇ ಜಾಯಿಂಟು ಇರುತ್ತದೆ. ಅವೂ ಬಿಡುತ್ತವೆ ಎಂದೇ ಇಟ್ಟುಕೊಂಡು ಕೆಲಸ ಶುರು ಮಾಡಿ.

ಇಷ್ಟು ಹೇಳಿದ ಮೇಲೂ ನನ್ನ ಮಾತನ್ನು ನಂಬಿ ಕೂರಬೇಡಿ, ಫಿಲ್ಮನ್ನೇ ಕೇಳಿ. ತುದಿಯನ್ನು ಬೆಳಕಿಗೆ ಹಿಡಿದು ನೋಡಿದರೆ ರೆಗ್ಯುಲರ್ 8ರ ತೂತು ದೊಡ್ಡದು, ಅಡ್ಡ ಅಗಲ. ಎರಡು ಚೌಕಗಳ ನಡುವಿನ ಕಪ್ಪು ಗೆರೆಯ ನೇರಕ್ಕೆ ಇರುತ್ತದೆ. ಸೂಪರ್ 8ರ ತೂತು ಚಿಕ್ಕದು, ನಿಂತಂತೆ ಇರುತ್ತದೆ, ಚೌಕದ ಮಧ್ಯಕ್ಕೆ ಬರುತ್ತದೆ. ರೀಲಿನ ನಡುವಿನ ರಂಧ್ರ ನೋಡಿಯೂ ಹೇಳಬಹುದು, ಹಳೆಯದಕ್ಕೆ ಸಣ್ಣ ರಂಧ್ರ, ಸೂಪರ್‌ಗೆ ದೊಡ್ಡದು. ಆದರೆ ಜನ ಒಂದು ರೀಲಿನಿಂದ ಇನ್ನೊಂದಕ್ಕೆ ಸುತ್ತಿಟ್ಟಿರುತ್ತಾರೆ. ಡಬ್ಬಿ ಸುಳ್ಳು ಹೇಳಬಹುದು, ತೂತು ಹೇಳುವುದಿಲ್ಲ.

ಹಳೆ ಫಿಲ್ಮು ಅಂದ ಕೂಡಲೇ ಬೆಂಕಿಯ ಭಯ ಕೆಲವರಿಗೆ. ಥಿಯೇಟರಿನ 35 ಮಿಲಿಮೀಟರ್ ಫಿಲ್ಮು 1950ರ ದಶಕದ ಆರಂಭದವರೆಗೂ ನೈಟ್ರೇಟಿನದು, ಅದು ನಿಜಕ್ಕೂ ಹೊತ್ತಿ ಉರಿಯುವಂಥದ್ದು. ಮನೆ ಬಳಕೆಗೆಂದೇ ಮಾಡಿದ ಕೊಡಾಕ್‌ನ 8 ಮತ್ತು 16 ಮಿಲಿಮೀಟರ್ ಫಿಲ್ಮುಗಳು ಮೊದಲಿನಿಂದಲೂ ಅಸಿಟೇಟಿನವು, ಹಾಗೆ ಹೊತ್ತಿ ಉರಿಯುವಂಥವಲ್ಲ. ಅಂಚಿನಲ್ಲಿ ‘ಸೇಫ್ಟಿ ಫಿಲ್ಮ್’ ಎಂಬ ಅಕ್ಷರ ಕಾಣುತ್ತದೆ. ಅದರ ಆಸುಪಾಸಿನಲ್ಲಿ ಪುಟ್ಟ ವೃತ್ತ, ಚೌಕ, ತ್ರಿಕೋನಗಳೂ ಇರಬಹುದು. ಫಿಲ್ಮು ತಯಾರಾದ ವರ್ಷದ ಗುರುತು ಅವು, 20 ವರ್ಷಕ್ಕೊಮ್ಮೆ ಅದೇ ಗುರುತು ಮರಳುತ್ತದೆ. ಒಂದು ಭೂತಗನ್ನಡಿ ಹಿಡಿದು ಬರೆದಿಟ್ಟುಕೊಳ್ಳಿ. ಯಾವ ರೀಲು ಮೊದಲು, ಯಾವುದು ಆಮೇಲೆ ಎಂದು ಜೋಡಿಸುವಾಗ ಬೇಕಾಗುತ್ತದೆ.

ಈಗ ವಿನೆಗರ್ ವಾಸನೆಯ ರೀಲಿನ ವಿಚಾರ. ತುಂಡಾದದ್ದಕ್ಕಿಂತ ನನಗೆ ಹೆಚ್ಚು ಚಿಂತೆ ಅದರದೇ. ತುಂಡಾದ ರೀಲು ಹತ್ತು ವರ್ಷ ತುಂಡಾಗಿಯೇ ಬಿದ್ದಿದ್ದರೂ ಆಮೇಲೆ ಕೂಡಿಸಬಹುದು. ಹುಳಿ ಹಿಡಿದದ್ದು ಕಾಯುವುದಿಲ್ಲ. ಅಸಿಟೇಟು ತೇವ ಮತ್ತು ಸೆಕೆಗೆ ಒಡೆಯುತ್ತಾ ಅಸಿಟಿಕ್ ಆಮ್ಲ ಬಿಡುತ್ತದೆ. ಆ ಆಮ್ಲವೇ ಮತ್ತಷ್ಟು ಒಡೆಯಲು ಹೆಪ್ಪಿನ ಹಾಗೆ ಕೆಲಸ ಮಾಡುತ್ತದೆ, ಪಕ್ಕದ ಡಬ್ಬಿಯ ಒಳ್ಳೆಯ ಫಿಲ್ಮಿಗೂ ಅದರ ಆವಿ ಒಳ್ಳೆಯದಲ್ಲ. 21 ಡಿಗ್ರಿ ಉಷ್ಣತೆ, ಶೇ. 50 ತೇವಾಂಶದಲ್ಲಿ ಇಟ್ಟರೆ ಹೊಸ ಅಸಿಟೇಟ್ ಫಿಲ್ಮಿಗೆ ಹುಳಿ ಹತ್ತಲು ಸುಮಾರು 40 ವರ್ಷ ಬೇಕು ಎಂದು ಅಮೆರಿಕದ ರೋಚೆಸ್ಟರ್‌ನಲ್ಲಿರುವ ಇಮೇಜ್ ಪರ್ಮನೆನ್ಸ್ ಇನ್‌ಸ್ಟಿಟ್ಯೂಟಿನ ಅಂದಾಜು. ಸಾಗರದ ಆಷಾಢ ಎಲ್ಲಿ, ಶೇ. 50 ತೇವಾಂಶ ಎಲ್ಲಿ! ಹೆಂಚಿನ ಮನೆಯ ಅಟ್ಟ ಬೇಸಿಗೆಯಲ್ಲಿ ಕಾವಲಿ, ಮಳೆಗಾಲದಲ್ಲಿ ಒದ್ದೆ ಕಂಬಳಿ. ಆರರಲ್ಲಿ ಒಂದೇ ಹುಳಿಯಾಗಿರುವುದು ನಿಮ್ಮ ಅದೃಷ್ಟ.

ಆ ಒಂದನ್ನು ಇವತ್ತೇ ಬೇರೆ ಕೋಣೆಯಲ್ಲಿಡಿ. ಬಿಗಿಯಾದ ತಗಡಿನ ಡಬ್ಬಿಯಲ್ಲಿದ್ದರೆ ಮುಚ್ಚಳ ಸಡಿಲಿಸಿ. ಅದೇ ಸಂಸ್ಥೆ ಮಾಡಿದ ಎ-ಡಿ ಸ್ಟ್ರಿಪ್ ಎಂಬ ಕಾಗದದ ಪಟ್ಟಿ ಸಿಗುತ್ತದೆ. ಡಬ್ಬಿಯೊಳಗೆ ಇಟ್ಟರೆ ಆಮ್ಲ ಹೆಚ್ಚಿದಂತೆಲ್ಲ ನೀಲಿಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ತಿರುಗುತ್ತದೆ. ಅದು ಸಿಗದಿದ್ದರೆ ಮನೆಯಲ್ಲೇ ಮಾಡುವ ಒಂದು ಅಳತೆಯಿದೆ, ನನಗೆ ಅದೇ ಹೆಚ್ಚು ಇಷ್ಟ. ಹುಳಿ ಹಿಡಿದ ಫಿಲ್ಮು ಕುಗ್ಗುತ್ತದೆ. ಶುಭ್ರವಾದ ಮೇಜಿನ ಮೇಲೆ ಸ್ಟೀಲಿನ ಉದ್ದ ಸ್ಕೇಲು ಇಟ್ಟು, ಪಕ್ಕದಲ್ಲಿ ಫಿಲ್ಮನ್ನು ಎಳೆಯದೆ ಬರೀ ಮಲಗಿಸಿ, ಒಂದು ತೂತಿನ ಮೇಲಂಚಿನಿಂದ ಶುರುಮಾಡಿ ನೂರು ಚೌಕ ಎಣಿಸಿ. ರೆಗ್ಯುಲರ್ 8ರಲ್ಲಿ ಅದು ಸರಿಯಾಗಿ 381 ಮಿಲಿಮೀಟರ್ ಬರಬೇಕು. 379-380 ಬಂದರೆ ಪರವಾಗಿಲ್ಲ, ವಯಸ್ಸಿಗೆ ಸಹಜ. 378ಕ್ಕೆ ಇಳಿದಿದ್ದರೆ ಶೇ. 0.8ರಷ್ಟು ಕುಗ್ಗಿದೆ ಎಂದರ್ಥ. ಅಂಥ ಫಿಲ್ಮನ್ನು ಯಾವ ಪ್ರೊಜೆಕ್ಟರಿಗೂ ಕೊಡಬೇಡಿ, ಗುಂಡಿ ‘ಆರ್’ ಕಡೆಗಿದ್ದರೂ ಕೊಡಬೇಡಿ. ಎಣಿಸುವಾಗ ಹದಿನೈದು ಇಂಚಿನಲ್ಲಿ ಮೂರು ಮಿಲಿಮೀಟರಿನ ವ್ಯತ್ಯಾಸಕ್ಕೆ ಅರ್ಥವಿದೆಯೇ ಅನ್ನಿಸುತ್ತದೆ. ಪ್ರೊಜೆಕ್ಟರಿನ ಹಲ್ಲಿಗೆ ಅದರ ಅರ್ಥ ಚೆನ್ನಾಗಿ ಗೊತ್ತು.

ಇನ್ನು ತುಂಡುಗಳಿಗೆ ಬರೋಣ. ಮೊದಲ ಕೆಲಸ ನೀವು ಹಚ್ಚಿದ ಸೆಲೋಟೇಪ್ ತೆಗೆಯುವುದು. ಅದರ ಅಂಟು ಸೆಕೆಗೆ ಒಸರಿ ಪಕ್ಕದ ಸುತ್ತಿಗೂ ಹತ್ತಿಕೊಳ್ಳುತ್ತದೆ. ಮುಂದಿನ ವರ್ಷ ಬಿಚ್ಚಲು ಹೋದರೆ ಎರಡು ಪದರ ಸೇರಿಯೇ ಬರುತ್ತವೆ. ಇಲ್ಲಿ ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಕೆಲಸ ಕಲಿತ ಹೊಸತು. ಯಾರದೋ ಮದುವೆಯ 16 ಮಿಲಿಮೀಟರ್ ಫಿಲ್ಮಿಗೆ ಯಾರೋ ಟೇಪು ಹಚ್ಚಿದ್ದರು. ಗಾಯದ ಪ್ಲಾಸ್ಟರ್ ಕೀಳುವ ಹಾಗೆ ಒಂದೇ ಸಲಕ್ಕೆ ಸರ್‍ರನೆ ಎಳೆದೆ. ಟೇಪಿನ ಜೊತೆ ಚಿತ್ರದ ಪದರವೂ ಎದ್ದು ಬಂತು. ಅಕ್ಷತೆ ಬೀಳುತ್ತಿರುವ ಆ ಎರಡು ಚೌಕಗಳಲ್ಲಿ ಮದುಮಗಳ ಮುಖದ ಜಾಗದಲ್ಲಿ ಬರೀ ಗಾಜಿನಂಥ ಬಿಳುಪು. ಆ ಟೇಪಿನ ಚೂರು ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ, ಮುಖ ಅದರ ಮೇಲಿದೆ.

ಹಾಗಾಗಿ ನಿಧಾನ. ಮೊದಲು ಯಾವ ಬದಿಯಲ್ಲಿ ಚಿತ್ರವಿದೆ ನೋಡಿ. ಬೆಳಕಿಗೆ ಓರೆ ಹಿಡಿದಾಗ ಹೊಳೆಯುವುದು ಬೇಸಿನ ಬದಿ. ಮಂಕಾಗಿ, ಕೆಲವು ಫಿಲ್ಮುಗಳಲ್ಲಿ ಆಕೃತಿಗಳು ಸ್ವಲ್ಪ ಉಬ್ಬಿದಂತೆ ಕಾಣುವುದು ಎಮಲ್ಷನ್ ಬದಿ; ಚಿತ್ರ ಕೂತಿರುವುದು ಅಲ್ಲಿ. ಹೊಳೆಯುವ ಬದಿಯ ಟೇಪನ್ನು ಮೊದಲು ತೆಗೆಯಿರಿ. ಮೂಲೆಯನ್ನು ಚಿಮ್ಮಟದಲ್ಲಿ ಎತ್ತಿ, ಟೇಪನ್ನು ಅದರ ಮೇಲೆಯೇ ಹಿಂದಕ್ಕೆ ಮಡಚಿ, ಫಿಲ್ಮಿಗೆ ಸಮಾನಾಂತರವಾಗಿ ಕೂದಲೆಳೆಯಷ್ಟೇ ವೇಗದಲ್ಲಿ ಎಳೆಯಬೇಕು. ಉಳಿದ ಜಿಗುಟಿಗೆ 99 ಶೇಕಡಾ ಐಸೋಪ್ರೊಪೈಲ್ ಆಲ್ಕೊಹಾಲನ್ನು ಹತ್ತಿಕಡ್ಡಿಗೆ ತಾಗಿಸಿ ಒರೆಸಿ. ಮೆಡಿಕಲ್ ಶಾಪಿನ ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರಿದೆ. ಎಮಲ್ಷನ್ ಅಂದರೆ ಜೆಲಟಿನ್, ನೀರು ಕುಡಿದರೆ ಉಬ್ಬುತ್ತದೆ. ಉಗುರುಬಣ್ಣ ತೆಗೆಯುವ ದ್ರವವಂತೂ ಹತ್ತಿರಕ್ಕೂ ಬರಬಾರದು. ಅದರಲ್ಲಿರುವ ಅಸಿಟೋನು ಅಸಿಟೇಟನ್ನೇ ಕರಗಿಸುತ್ತದೆ, ಫಿಲ್ಮು ಬೆಲ್ಲದ ಪಾಕದ ಹಾಗೆ ಆಗಿಬಿಡುತ್ತದೆ. ಕೈಗೆ ತೆಳು ಹತ್ತಿಯ ಗ್ಲೌಸು ಹಾಕಿ, ಫಿಲ್ಮನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ.

ಯಾವುದಾದರೂ ರೀಲಿನ ಮೇಲೆ ಬೂಷ್ಟು ಬಂದಿದ್ದರೆ ಅದನ್ನು ಒದ್ದೆ ಬಟ್ಟೆಯಿಂದ ಒರೆಸುವ ಆಸೆಯನ್ನೂ ಬಿಟ್ಟುಬಿಡಿ. ಬೂಷ್ಟು ತಿಂದ ಜೆಲಟಿನ್ ನೀರಿಗೆ ಕರಗುತ್ತದೆ, ಒಂದೇ ಒರೆಸಿಗೆ ಚಿತ್ರ ಬಟ್ಟೆಗೆ ಬರುತ್ತದೆ. ಮೊದಲು ಸಿಲಿಕಾ ಜೆಲ್ ಜೊತೆ ಇಟ್ಟು ಒಣಗಿಸಬೇಕು.

ಕೂಡಿಸಲು ಎರಡು ದಾರಿ: ಸಿಮೆಂಟು ಮತ್ತು ಟೇಪು. ನಮ್ಮ ಊರಿನ ಟೆಂಟ್ ಸಿನಿಮಾದಲ್ಲಿ ರೀಲು ಕಟ್ಟಾದರೆ ಆಪರೇಟರು ತುದಿಗೆ ನಾಲಿಗೆ ತಾಗಿಸಿ, ಅರ್ಧ ಬ್ಲೇಡಿನಲ್ಲಿ ಎಮಲ್ಷನ್ ಕೆರೆದು, ಬಾಟಲಿಯ ಮುಚ್ಚಳಕ್ಕೆ ಅಂಟಿದ್ದ ಕುಂಚದಿಂದ ಒಂದು ಗೀಟು ಎಳೆದು, ಎರಡು ಬೆರಳಲ್ಲಿ ಒತ್ತಿ ಹಿಡಿದು, ಹೊರಗೆ ಶಿಳ್ಳೆ ಹೆಚ್ಚುವಷ್ಟರಲ್ಲಿ ಮತ್ತೆ ಓಡಿಸುತ್ತಿದ್ದ. ಆ ಬಾಟಲಿಯಲ್ಲಿ ಇದ್ದದ್ದೇ ಫಿಲ್ಮಿನ ಸಿಮೆಂಟು. ಅದು ಅಂಟಲ್ಲ, ದ್ರಾವಕ. ಅದು ಎರಡು ತುದಿಯ ಅಸಿಟೇಟನ್ನು ಕರಗಿಸಿ ಒಂದರೊಳಗೆ ಒಂದು ಸೇರಿಸುತ್ತದೆ. ಕಬ್ಬಿಣಕ್ಕೆ ಬೆಸುಗೆ ಹಾಕಿದ ಹಾಗೆ. ಚೆನ್ನಾಗಿ ಹಾಕಿದ ಸಿಮೆಂಟ್ ಜಾಯಿಂಟು ತೆಳುವಾಗಿರುತ್ತದೆ, ದಶಕಗಟ್ಟಲೆ ನಿಲ್ಲುತ್ತದೆ. ಆದರೆ ಒಂದರ ಮೇಲೊಂದು ಹೇರಬೇಕಾದ್ದರಿಂದ ಚಿತ್ರ ಸ್ವಲ್ಪ ಹೋಗುತ್ತದೆ, ತಪ್ಪಿದರೆ ಕತ್ತರಿಸಿ ಮತ್ತೆ ಮಾಡಬೇಕು, ಮತ್ತಷ್ಟು ಹೋಗುತ್ತದೆ. 35 ಮಿಲಿಮೀಟರಿನಲ್ಲಿ ಬೆರಳಲ್ಲಿ ಮಾಡುತ್ತಿದ್ದದ್ದನ್ನು 8ರಲ್ಲಿ ಮಾಡಲು ಹೋಗಬೇಡಿ. ತೆರೆದ ಬಾಟಲಿಯ ಸಿಮೆಂಟು ಕೆಲವೇ ತಿಂಗಳಲ್ಲಿ ಆವಿಯಾಗಿ ಗಟ್ಟಿಯಾಗುತ್ತದೆ, ಹಳೆ ಬಾಟಲಿಯನ್ನು ನಂಬಲೂಬಾರದು. ಹುಳಿ ಹಿಡಿದ ಫಿಲ್ಮಿಗೆ, ಕುಗ್ಗಿದ್ದಕ್ಕೆ ಸಿಮೆಂಟು ಬೇಡವೇ ಬೇಡ.

ಪಾಲಿಯೆಸ್ಟರ್ ಫಿಲ್ಮಿಗೂ ಅದು ಹತ್ತುವುದಿಲ್ಲ. ನಿಮ್ಮ 1962-63ರ ಕೊಡಾಕ್ ರೀಲುಗಳು ಅಸಿಟೇಟೇ ಆಗಿರುತ್ತವೆ. ಆದರೆ ಟ್ರಂಕಿನಲ್ಲಿ ಆಮೇಲಿನವೂ ಇರಬಹುದು. 1965ರಲ್ಲಿ ಫ್ಯೂಜಿ ಕಂಪನಿ ತಂದ, ಸೂಪರ್ 8ರದೇ ಅಳತೆಯ ಸಿಂಗಲ್-8 ಎಂಬ ಫಿಲ್ಮು ಪಾಲಿಯೆಸ್ಟರಿನದು. ಪರೀಕ್ಷೆ ಸುಲಭ: ಲ್ಯಾಪ್‌ಟಾಪಿನಲ್ಲಿ ಬಿಳಿ ಪರದೆ ತೆರೆದು, ಪೋಲರೈಸ್ಡ್ ಕೂಲಿಂಗ್ ಗ್ಲಾಸಿನ ಮೂಲಕ ನೋಡುತ್ತಾ ಕನ್ನಡಕವನ್ನು ಪರದೆ ಕಪ್ಪಾಗುವವರೆಗೆ ತಿರುಗಿಸಿ. ನಡುವೆ ಫಿಲ್ಮಿನ ಖಾಲಿ ತುದಿ ಹಿಡಿದು ಆಚೀಚೆ ವಾಲಿಸಿ. ಕಾಮನಬಿಲ್ಲಿನ ಬಣ್ಣ ಕಂಡರೆ ಪಾಲಿಯೆಸ್ಟರ್, ಬರೀ ಕಪ್ಪಾಗಿಯೇ ಉಳಿದರೆ ಅಸಿಟೇಟ್. ಮಕ್ಕಳಿದ್ದರೆ ಅವರ ಕೈಗೆ ಕೊಡಿ, ಖುಷಿಪಡುತ್ತಾರೆ.

ನಿಮಗೆ ನನ್ನ ಸಲಹೆ ಟೇಪೇ. ಟೇಪು ಅಂದರೆ ಅಂಗಡಿಯ ಸೆಲೋಟೇಪಲ್ಲ, ಫಿಲ್ಮಿಗೆಂದೇ ಮಾಡಿದ ತೆಳುವಾದ, ಅಂಟು ಒಸರದ ಸ್ಪ್ಲೈಸಿಂಗ್ ಟೇಪು. ರೆಗ್ಯುಲರ್ 8ಕ್ಕೆ ತೂತು ಕೊರೆದದ್ದೇ ಸಿಗುತ್ತದೆ, ಆನ್‌ಲೈನಿನಲ್ಲಿ ತರಿಸಬೇಕಾದೀತು. ಜೊತೆಗೆ ಒಂದು ಸಣ್ಣ ಸ್ಪ್ಲೈಸರು, ಅಂದರೆ ಫಿಲ್ಮನ್ನು ನೇರವಾಗಿ ಕತ್ತರಿಸಿ ಕೂಡಿಸುವ ಸಾಧನ. ಬೆಂಗಳೂರಿನ ಸಂಡೆ ಬಜಾರಿನಲ್ಲಿ ಹಳೆ ಕ್ಯಾಮೆರಾ ರಾಶಿಯ ಅಡಿಯಲ್ಲಿ ನನಗೆ ಎರಡು ಸಿಕ್ಕಿವೆ, ಮಾರುವವನಿಗೆ ಅದೇನೆಂದು ಗೊತ್ತಿರಲಿಲ್ಲ. ಕೊಳ್ಳುವಾಗ ಅದರ ಪಿನ್ನುಗಳು ರೆಗ್ಯುಲರ್‌ಗೋ ಸೂಪರ್‌ಗೋ ಎಂದು ಒಂದು ತುಂಡು ಫಿಲ್ಮು ಕೂರಿಸಿ ನೋಡಿಯೇ ಕೊಳ್ಳಿ. ಮತ್ತದೇ ಆರ್-ಎಸ್ ಎಡವಟ್ಟು ಬೇಡ.

ಲ್ಯಾಬಿನ ಜಾಯಿಂಟು ಬಿಟ್ಟ ಕಡೆ ಕೆಲಸ ಸರಳ. ಎರಡು ತುದಿಯಲ್ಲೂ ಹಳೆ ಅಂಟಿನ ಹಳದಿ ಪಟ್ಟಿ ಇರುತ್ತದೆ, ಅಲ್ಲಿ ಹೇಗೂ ಚಿತ್ರವಿಲ್ಲ, ಬರೀ ಬಿಸಿಲು. ಅಷ್ಟನ್ನು ಸ್ಪ್ಲೈಸರಿನ ಅಲಗಿನಲ್ಲಿ ನೇರವಾಗಿ ಕತ್ತರಿಸಿ. ರೆಗ್ಯುಲರ್ 8ರಲ್ಲಿ ಚೌಕದ ಗೆರೆ ತೂತಿನ ನಡುವೆಯೇ ಹಾದುಹೋಗುವುದರಿಂದ ಆ ಗೆರೆಯ ಮೇಲೆ ಕತ್ತರಿಸಿದರೆ ಅರ್ಧ ತೂತು ಈ ತುದಿಗೆ, ಅರ್ಧ ಆ ತುದಿಗೆ ಬರುತ್ತದೆ. ಗಾಬರಿ ಬೇಡ, ಎರಡು ಅರ್ಧ ಸೇರಿ ಒಂದಾದರೆ ಸರಿ. ತುದಿಗೆ ತುದಿ ತಾಗಿಸಿ ಪಿನ್ನಿನ ಮೇಲೆ ಕೂರಿಸಿ, ಒಂದರ ಮೇಲೊಂದು ಏರಬಾರದು, ನಡುವೆ ಬೆಳಕೂ ಕಾಣಬಾರದು. ಟೇಪನ್ನು ತೂತಿಗೆ ತೂತು ಹೊಂದಿಸಿ ಇಳಿಸಿ, ಉಗುರಿನಿಂದಲ್ಲ, ಮೆತ್ತನೆಯ ಪ್ಲಾಸ್ಟಿಕ್ ಅಂಚಿನಿಂದ ಗಾಳಿಗುಳ್ಳೆ ಹೋಗುವ ಹಾಗೆ ಒತ್ತಿ. ತಿರುವಿ ಇನ್ನೊಂದು ಬದಿಗೂ ಹಾಕಿ. ಒಂದೇ ಬದಿಗೆ ಹಾಕಿದ ಜಾಯಿಂಟು ಬಾಗಿಲಿನ ತಿರುಗಣಿಯ ಹಾಗೆ ಮಡಚಿಕೊಳ್ಳುತ್ತದೆ.

ತಲೆಕೆಳಗಾಗಿ ಕೂಡಿಸಿಬಿಟ್ಟೆನಾ ಎಂಬ ಭಯ ಎಲ್ಲರಿಗೂ ಬರುತ್ತದೆ. ಸೀಳಿದ 8 ಮಿಲಿಮೀಟರಿನಲ್ಲಿ ತೂತು ಒಂದೇ ಅಂಚಿನಲ್ಲಿ ಇರುವುದು ಇಲ್ಲಿ ವರವಾಗುತ್ತದೆ. ಎರಡು ತುಂಡಿನ ಮಂಕು ಬದಿ ಒಂದೇ ಕಡೆ, ತೂತಿನ ಅಂಚು ಒಂದೇ ಕಡೆ ಇದ್ದರೆ ಚಿತ್ರ ತಲೆಕೆಳಗಾಗಲು ಸಾಧ್ಯವೇ ಇಲ್ಲ. ಬೇಕಾದರೆ ಒಂದು ಕಾಗದದ ಪಟ್ಟಿಗೆ ಒಂದು ಬದಿ ಬಣ್ಣ ಬಳಿದು, ಒಂದಂಚಿಗೆ ಚುಕ್ಕಿ ಹಾಕಿ ತಿರುವಿ ನೋಡಿ. ಎರಡೂ ಅಂಚಿನಲ್ಲಿ ತೂತಿರುವ 16 ಮಿಲಿಮೀಟರಿನಲ್ಲಿ ಈ ಭರವಸೆ ಇಲ್ಲ.

ಅರ್ಧ ನಿಮಿಷದ ಹತ್ತಿರ ಹರಿದದ್ದು ಇದಕ್ಕಿಂತ ನಾಜೂಕು. ಅಲ್ಲಿ ಚಿತ್ರವಿದೆ. ಹರಿದ ಎರಡು ತುದಿಯನ್ನು ಬೆಳಕಿನ ಪೆಟ್ಟಿಗೆಯ ಮೇಲೆ, ಇಲ್ಲವೇ ಟ್ಯಾಬ್ಲೆಟಿನ ಬಿಳಿ ಪರದೆಯ ಮೇಲೆ ಗಾಜಿಟ್ಟು ಅದರ ಮೇಲೆ, ಭೂತಗನ್ನಡಿ ಹಿಡಿದು ಹೊಂದಿಸಿ ನೋಡಿ. ಒಡೆದ ಬಳೆಚೂರಿನ ಹಾಗೆ ಒಂದಕ್ಕೊಂದು ಕೂರುತ್ತದೆಯೇ? ಕೂತರೆ ಕತ್ತರಿಯನ್ನೇ ಮುಟ್ಟಬೇಡಿ. ಹರಿದ ರೇಖೆಯನ್ನೇ ಸೇರಿಸಿ ಎರಡೂ ಬದಿ ಟೇಪು ಹಾಕಿ. ಗೋಡೆಯ ಮೇಲೆ ಒಂದು ಕ್ಷಣ ಗೀರು ಮಿಂಚಿ ಹೋಗುತ್ತದೆ, ಅಷ್ಟೇ. ಕೂರದಿದ್ದರೆ, ಕೊಕ್ಕೆ ಜಗಿದು ಹಾಕಿದ್ದರೆ, ಹಾಳಾದ ಚೌಕದವರೆಗೆ ಮಾತ್ರ ಕತ್ತರಿಸಿ. ಕತ್ತರಿಸಿದ ಚೂರನ್ನು ಬಿಸಾಡಬೇಡಿ. ಕಾಗದದ ಪುಟ್ಟ ಲಕೋಟೆಯಲ್ಲಿ ಹಾಕಿ, ಯಾವ ರೀಲು, ಎಲ್ಲಿಯದು ಎಂದು ಪೆನ್ಸಿಲ್ಲಿನಲ್ಲಿ ಬರೆದಿಡಿ. ಒಂದು ಚೌಕದ ಅಗಲ ನಾಲ್ಕೂವರೆ ಮಿಲಿಮೀಟರ್, ಅಕ್ಕಿಕಾಳಿಗಿಂತ ಗಿಡ್ಡ. ಅದರೊಳಗೆ ನಿಮ್ಮ ಹಳೆಯ ಮನೆಯ ಜಗಲಿ ಇರಬಹುದು, ನಿಂತವರು ಯಾರೆಂದು ಗುರುತಿಸಲೂ ಆಗಬಹುದು.

ಹರಿದ ತೂತುಗಳ ಬಗ್ಗೆ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸಲಿಕ್ಕಿಲ್ಲ. ಒಂದೆರಡು ಕಡೆ ಅಂಚು ಸೀಳಿ ಒಳಕ್ಕೆ ಹೋಗಿದ್ದರೆ ತೂತಿರುವ ಟೇಪು ಹಾಕಿ ನಿಲ್ಲಿಸಿ, ಇಲ್ಲದಿದ್ದರೆ ಸೀಳು ಬೆಳೆಯುತ್ತದೆ. ಆದರೆ ಉದ್ದಕ್ಕೂ ನೂರಾರು ತೂತು ಗಾಯವಾಗಿದ್ದರೆ ಒಂದೊಂದನ್ನೂ ತೇಪೆ ಹಾಕುತ್ತಾ ಕೂರಬೇಡಿ. ತೇಪೆ ಹಾಕಿದಷ್ಟೂ ಫಿಲ್ಮು ದಪ್ಪವಾಗಿ, ಗಡುಸಾಗಿ, ಸುರುಳಿ ಸರಿಯಾಗಿ ಕೂರುವುದಿಲ್ಲ. ಆ ತೂತುಗಳ ಅಗತ್ಯ ಪ್ರೊಜೆಕ್ಟರಿಗೆ. ನಿಮ್ಮ ಫಿಲ್ಮು ಇನ್ನು ಪ್ರೊಜೆಕ್ಟರಿಗೆ ಹೋಗಬಾರದು, ಸ್ಕ್ಯಾನರಿಗೆ ಹೋಗಬೇಕು. ಹಲ್ಲಿಲ್ಲದ ಸ್ಕ್ಯಾನರುಗಳಿವೆ, ಮೆತ್ತನೆಯ ಉರುಳೆಗಳ ಮೇಲೆ ಫಿಲ್ಮನ್ನು ಜಾರಿಸುತ್ತವೆ, ತೂತನ್ನು ಕ್ಯಾಮೆರಾ ಕಣ್ಣಿನಲ್ಲಿ ನೋಡಿ ಚೌಕವನ್ನು ನಿಲ್ಲಿಸುತ್ತವೆ. ಕುಗ್ಗಿದ್ದೂ ಹರಿದದ್ದೂ ಅದರಲ್ಲಿ ನಡೆಯುತ್ತದೆ. ಮನೆಯಲ್ಲೇ ಮಾಡಿಕೊಳ್ಳಲು ಮಾರುವ ಪುಟ್ಟ ಸ್ಕ್ಯಾನರುಗಳಲ್ಲಿ ಹೆಚ್ಚಿನವಕ್ಕೆ ಪ್ರೊಜೆಕ್ಟರಿನ ಹಾಗೆಯೇ ಕೊಕ್ಕೆಯಿದೆ. ಒಳ್ಳೆಯ ಸ್ಥಿತಿಯ ರೀಲಿಗೆ ಅವು ಸಾಕು, ಈ ರೀಲಿಗೆ ಬೇಡ.

ಸ್ಕ್ಯಾನಿಂಗಿಗೆ ಕೊಡುವಾಗ ಮೂರು ಮಾತು ಕೇಳಿ. ಗೋಡೆಗೆ ಬಿಟ್ಟು ಅದನ್ನು ಕ್ಯಾಮೆರಾದಲ್ಲಿ ಹಿಡಿಯುತ್ತಾರೋ, ಒಂದೊಂದು ಚೌಕವನ್ನೂ ಬೇರೆಬೇರೆಯಾಗಿ ಸ್ಕ್ಯಾನ್ ಮಾಡುತ್ತಾರೋ; ಯಂತ್ರಕ್ಕೆ ಹಲ್ಲಿದೆಯೋ ಇಲ್ಲವೋ; ಕೊಡುವ ಫೈಲು ಸೆಕೆಂಡಿಗೆ 16 ಚೌಕದ ವೇಗದಲ್ಲಿರುತ್ತದೆಯೋ. ಕೊನೆಯದನ್ನು ಹೇಳದಿದ್ದರೆ 24 ಇಲ್ಲವೇ 25ರಲ್ಲಿ ಕೊಡುತ್ತಾರೆ, ನಿಮ್ಮ ಊರಿನವರೆಲ್ಲ ಬಸ್ಸು ತಪ್ಪಿದವರ ಹಾಗೆ ಓಡಾಡುತ್ತಾರೆ. 2ಕೆ ಅಳತೆ, ಅಂದರೆ ಅಡ್ಡಕ್ಕೆ ಸುಮಾರು ಎರಡು ಸಾವಿರ ಚುಕ್ಕಿ, ಈ ಪುಟ್ಟ ಚೌಕಕ್ಕೆ ಧಾರಾಳ, ಅದಕ್ಕಿಂತ ಹೆಚ್ಚಿಗೆ ದುಡ್ಡು ಸುರಿಯಬೇಡಿ. ಕೊಡುವ ಮುಂಚೆ ಪ್ರತಿ ರೀಲಿನ ಎರಡೂ ತುದಿಗೆ ಮೂರು-ನಾಲ್ಕು ಅಡಿ ಹೊಸ ಬಿಳಿ ಲೀಡರು, ಅಂದರೆ ಚಿತ್ರವಿಲ್ಲದ ಖಾಲಿ ಪಟ್ಟಿ, ಕೂಡಿಸಿ, ಅದರ ಮೇಲೆ ಹೆಸರು, ರೀಲಿನ ಸಂಖ್ಯೆ, ಹೆಡ್ (ಮೊದಲು) ಯಾವುದು ಟೇಲ್ (ಕೊನೆ) ಯಾವುದು ಎಂದು ಬರೆಯಿರಿ. ಮೊದಲು ಕಳಿಸಬೇಕಾದದ್ದು ತುಂಡಾದದ್ದಲ್ಲ, ವಿನೆಗರ್ ವಾಸನೆಯದ್ದು.

ಬಣ್ಣದ ರೀಲುಗಳು ಕೊಡಾಕ್‌ನ ಕೊಡಾಕ್ರೋಮ್ ಎಂಬ ಫಿಲ್ಮಿನವಾಗಿದ್ದರೆ, ಅಮೆರಿಕದಿಂದ ಬಂದವರಲ್ಲಿ ಅದೇ ಹೆಚ್ಚು, ಬಣ್ಣದ ಚಿಂತೆ ಬೇಡ. ಕತ್ತಲೆಯಲ್ಲಿಟ್ಟ ಕೊಡಾಕ್ರೋಮ್‌ನ ಬಣ್ಣ ಬಹಳ ಗಟ್ಟಿ. ಟ್ರಂಕಿನ ತಳದಲ್ಲಿ ತೊಳೆಯದೇ ಉಳಿದ ಸುರುಳಿ ಇದ್ದರೆ ಮಾತ್ರ ಬೇಸರದ ಸುದ್ದಿ: ಕೊಡಾಕ್ರೋಮ್ ತೊಳೆಯುವ ಜಗತ್ತಿನ ಕೊನೆಯ ಲ್ಯಾಬು, ಅಮೆರಿಕದ ಕ್ಯಾನ್ಸಸ್ ರಾಜ್ಯದ್ದು, 2010ರ ಕೊನೆಗೆ ಅದನ್ನು ನಿಲ್ಲಿಸಿತು. ಈಗ ಸಿಕ್ಕರೂ ಕಪ್ಪು-ಬಿಳುಪಿನಲ್ಲಿ ಮಾತ್ರ.

ಸ್ಕ್ಯಾನ್ ಆದ ಮೇಲೆ ಮೂಲ ಫಿಲ್ಮನ್ನು ಅಟ್ಟಕ್ಕೆ ವಾಪಸ್ ಕಳಿಸಬೇಡಿ. ಗಾಳಿಯಾಡುವ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಒಳಕೋಣೆಯ ಬೀರುವಿನ ನಡುವಿನ ತಟ್ಟೆಯಲ್ಲಿಡಿ. ನುಸಿಗುಳಿಗೆ ಹಾಕುವ ಅಭ್ಯಾಸ ಬಟ್ಟೆಗೆ ಇರಲಿ. ಹುಳಿ ಹಿಡಿದದ್ದನ್ನು ಒಣಗಿಸಿ, ಸಿಲಿಕಾ ಜೆಲ್ ಜೊತೆ ಎರಡು ಪದರ ಚೀಲದಲ್ಲಿ ಫ್ರಿಜ್ಜಿನಲ್ಲಿಟ್ಟರೆ ಅದರ ವೇಗ ಕಡಿಮೆಯಾಗುತ್ತದೆ. ಹೊರತೆಗೆದ ಮೇಲೆ ಚೀಲ ಒಂದಿಡೀ ದಿನ ಹೊರಗಿದ್ದು ಬೆಚ್ಚಗಾದ ನಂತರವೇ ಬಿಚ್ಚಬೇಕು, ಇಲ್ಲದಿದ್ದರೆ ಫಿಲ್ಮಿನ ಮೇಲೆ ಇಬ್ಬನಿ ಕೂರುತ್ತದೆ. ಡಬ್ಬಿಯ ಮೇಲೆ ದೊಡ್ಡಪ್ಪನ ಕೈಬರಹ ಇದ್ದರೆ ಹಳೆ ಡಬ್ಬಿಯನ್ನೂ ಜೋಪಾನ ಮಾಡಿ.

ಒಂದು ಕೆಲಸ ಮಾತ್ರ ಸ್ಕ್ಯಾನಿಂಗಿನವರು ಮಾಡಿಕೊಡುವುದಿಲ್ಲ. ನಿಮ್ಮ ಫಿಲ್ಮಿಗೆ ಮಾತಿಲ್ಲ. ಫೈಲು ಬಂದ ದಿನ ಟಿವಿಯಲ್ಲಿ ಹಾಕಿ ದೊಡ್ಡಮ್ಮನನ್ನು ಎದುರಿಗೆ ಕೂರಿಸಿ, ಯಾರ ಮನೆ, ಯಾರ ತೋಟ, ಹೊಳೆ ಯಾವ ಕಡೆ ಎಂದು ಅವರು ಹೇಳುತ್ತಾ ಹೋಗಲಿ, ಬೇಕಾದಲ್ಲಿ ನಿಲ್ಲಿಸಿ. ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ ಅವರ ಮಡಿಲ ಹತ್ತಿರ ಇಟ್ಟುಬಿಡಿ, ಟಿವಿಯ ಹತ್ತಿರವಲ್ಲ. ಫ್ಯಾನು ಆರಿಸಿರಿ, ಅದರ ಸದ್ದು ಮಾತನ್ನು ನುಂಗುತ್ತದೆ.